ಕವಿತೆಯಿಂದ ಕಿರುಚಿತ್ರ: ಎರಡು ನಿಮಿಷದ ಕಾವ್ಯಚಿತ್ರವನ್ನು ಹಂತ ಹಂತವಾಗಿ ಕಟ್ಟುವುದು

ಕವಿತೆಯನ್ನು ಕಿರುಚಿತ್ರ ಮಾಡಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ದೃಶ್ಯಗಳನ್ನು ತೆಗೆದುಬಿಡುತ್ತಾರೆ. ಆಮೇಲೆ ಅವುಗಳ ಮೇಲೆ ವಾಚನವನ್ನು ಹಾಸುತ್ತಾರೆ, ತೆರವು ಕಂಡಲ್ಲೆಲ್ಲ ಸಂಗೀತ ತುಂಬುತ್ತಾರೆ, ಕೊನೆಗೆ ಅವೇ ಸಾಲುಗಳನ್ನು ಪರದೆಯ ಮೇಲೆಯೂ ಓಡಿಸುತ್ತಾರೆ. ಕೇಳಬೇಕೋ, ಓದಬೇಕೋ, ನೋಡಬೇಕೋ ತಿಳಿಯದ ಪ್ರೇಕ್ಷಕ ಅರ್ಧ ನಿಮಿಷಕ್ಕೆ ಬಿಟ್ಟುಹೋಗುತ್ತಾನೆ. ಕವಿತೆಯ ಓದಿಗೆ ಹೊಸಬನಾದವನಂತೂ ಇನ್ನೂ ಬೇಗ ಹೋಗುತ್ತಾನೆ.

ಈ ಮಾರ್ಗದರ್ಶಿ ನಿಂತಿರುವುದು ಒಂದೇ ನಿಯಮದ ಮೇಲೆ: ಯಾವುದೇ ಕ್ಷಣದಲ್ಲಿ ಧ್ವನಿ, ಚಿತ್ರ, ಅಕ್ಷರ ಈ ಮೂರರಲ್ಲಿ ಒಂದು ಮಾತ್ರ ಮುಂದೆ ನಡೆಯಬೇಕು, ಉಳಿದವು ಅದಕ್ಕೆ ದಾರಿ ಬಿಡಬೇಕು. ಕೆಳಗಿನ ಹಂತಗಳ ಕ್ರಮ ಹುಟ್ಟಿದ್ದು ಈ ನಿಯಮದಿಂದಲೇ, ಆದ್ದರಿಂದ ಕ್ರಮ ತಪ್ಪಿಸಬೇಡಿ.

## ಕೈಯಲ್ಲಿ ಇರಬೇಕಾದವು

ಒಳ್ಳೆಯ ಕ್ಯಾಮೆರಾ ಇರುವ ಫೋನು, ಅಲುಗಾಡದ ಟ್ರೈಪಾಡ್, ಒಂದು ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್, ಎಡಿಟಿಂಗ್ ತಂತ್ರಾಂಶ. ದುಡ್ಡು ಖರ್ಚು ಮಾಡುವುದಾದರೆ ಮೊದಲು ಮೈಕಿಗೆ ಮಾಡಿ, ಕ್ಯಾಮೆರಾಗೆ ಅಲ್ಲ. ಸಾಧಾರಣ ಚಿತ್ರವನ್ನು ಪ್ರೇಕ್ಷಕರು ಸಹಿಸಿಕೊಳ್ಳುತ್ತಾರೆ, ಗೊಗ್ಗರು ಧ್ವನಿಯನ್ನು ಸಹಿಸುವುದಿಲ್ಲ. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಅಥವಾ ಕೆಡೆನ್‌ಲೈವ್, ಧ್ವನಿಗೆ ಆಡಾಸಿಟಿ ಧಾರಾಳವಾಗಿ ಸಾಕು.

## ಹಂತ 1: ಕವಿತೆಯನ್ನು ಆರಿಸುವುದು

ಹನ್ನೆರಡರಿಂದ ಇಪ್ಪತ್ತನಾಲ್ಕು ಸಾಲಿನ ಕವಿತೆ ತೆಗೆದುಕೊಳ್ಳಿ. ನಿಧಾನವಾಗಿ ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. 60ರಿಂದ 90 ಸೆಕೆಂಡಿನೊಳಗೆ ಮುಗಿದರೆ ಸರಿ. ಇಡೀ ಚಿತ್ರದಲ್ಲಿ ಮಾತು ಅರ್ಧದಿಂದ ಮೂರನೇ ಎರಡು ಭಾಗ ಮಾತ್ರ ಇರಬೇಕು. 75 ಸೆಕೆಂಡಿನ ವಾಚನಕ್ಕೆ ಎರಡು, ಎರಡೂವರೆ ನಿಮಿಷದ ಚಿತ್ರ ಹೊಂದುತ್ತದೆ.

ಕವಿತೆ ಒಂದೇ ಸಲ ಕೇಳಿದಾಗ ಕಿವಿಗೆ ದಕ್ಕಬೇಕು. ಪುಟದ ಮೇಲೆ ಹಿಂದಕ್ಕೆ ಹೋಗಿ ಓದಬಹುದು, ಪರದೆಯ ಮುಂದೆ ಕೂತವರಿಗೆ ಆ ಸೌಕರ್ಯ ಇಲ್ಲ. ಕವಿತೆಯನ್ನು ಎಂದೂ ಓದದ ಒಬ್ಬರಿಗೆ ಒಮ್ಮೆ ಓದಿ ಹೇಳಿ, ಏನು ನೆನಪಿದೆ ಎಂದು ಕೇಳಿ. ಒಂದು ಸಾಲೋ ಒಂದು ವಸ್ತುವೋ ನೆನಪಿನಲ್ಲಿ ಉಳಿದಿದ್ದರೆ ಆ ಕವಿತೆ ಚಿತ್ರವಾಗಬಲ್ಲದು. ಪ್ರತಿ ಸಾಲಿಗೂ ಒಂದೊಂದು ರೂಪಕ ತುರುಕಿರುವ ಕವಿತೆಯನ್ನು ಮೊದಲ ಪ್ರಯತ್ನಕ್ಕೆ ಎತ್ತಿಕೊಳ್ಳಬೇಡಿ. ಅದರಲ್ಲಿ ಚಿತ್ರಕ್ಕೆ ಜಾಗವೇ ಉಳಿದಿರುವುದಿಲ್ಲ.

ಮುಂದಿನ ಹಂತಗಳಿಗೆ ಉದಾಹರಣೆಯಾಗಿ ಈ ನಾಲ್ಕು ಸಾಲು ಇಟ್ಟುಕೊಳ್ಳೋಣ:

ಬಾಗಿಲ ಹಿಂದಿನ ಮೊಳೆಗೆ ಇನ್ನೂ ತೂಗಿದೆ
ಯಾರೂ ತೊಡದ ಅಂಗಿ;
ಗಾಳಿ ಬಂದಾಗಲೆಲ್ಲ
ಅದರ ತೋಳು ತುಂಬಿಕೊಳ್ಳುತ್ತದೆ.

## ಹಂತ 2: ಅನುಮತಿ, ಬರಹದಲ್ಲಿ

ಚಿತ್ರ ಮುಗಿದ ಮೇಲೆ ಅನುಮತಿ ಕೇಳುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಕವಿ ಒಪ್ಪದಿದ್ದರೆ ಮಾಡಿದ ಕೆಲಸವೆಲ್ಲ ಪೆಟ್ಟಿಗೆ ಸೇರುತ್ತದೆ. ಹಕ್ಕುಸ್ವಾಮ್ಯದ ಅವಧಿ ದೇಶದಿಂದ ದೇಶಕ್ಕೆ ಬೇರೆ: ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಸಾಮಾನ್ಯ ಕನಿಷ್ಠ ಮಿತಿ ಲೇಖಕರ ಜೀವಿತಾವಧಿ ಮತ್ತು ನಂತರದ 50 ವರ್ಷ, ಭಾರತದಲ್ಲಿ 60, ಯುರೋಪಿಯನ್ ಒಕ್ಕೂಟದಲ್ಲಿ 70. ಅನುವಾದವಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಮೂಲ ಕವಿ ತೀರಿಕೊಂಡು ನೂರು ವರ್ಷವಾಗಿದ್ದರೂ ಅನುವಾದ ಹೊಸದಿರಬಹುದು.

ಕವಿಗೆ ಬರೆಯುವ ಪತ್ರದಲ್ಲಿ ಇಷ್ಟು ಸ್ಪಷ್ಟವಾಗಿರಲಿ: ಯಾವ ಕವಿತೆ, ಅದರ ಯಾವ ಆವೃತ್ತಿ, ಸಾಲುಗಳನ್ನು ಬಿಡಬಹುದೇ, ಮರುಕಳಿಸಬಹುದೇ, ಸಬ್‌ಟೈಟಲ್‌ಗಾಗಿ ಬೇರೆ ಭಾಷೆಗೆ ಅನುವಾದಿಸಬಹುದೇ, ಚಿತ್ರೋತ್ಸವ, ಅಂತರ್ಜಾಲ, ಸಭಾಂಗಣ ಇವುಗಳಲ್ಲಿ ಎಲ್ಲೆಲ್ಲಿ, ಎಷ್ಟು ಕಾಲ ತೋರಿಸುತ್ತೀರಿ, ಸಂಭಾವನೆ ಎಷ್ಟು, ಹೆಸರು ಹೇಗೆ ಬರಬೇಕು. ‘ಪಠ್ಯ ಬದಲಾಯಿಸುವುದಿಲ್ಲ’ ಎಂದು ಬರೆದುಕೊಟ್ಟ ಮೇಲೆ ಒಂದು ಪದವನ್ನೂ ಬದಲಾಯಿಸಬೇಡಿ. ವಾಚಿಸುವವರಿಂದಲೂ ಹೀಗೆಯೇ ಒಪ್ಪಿಗೆ ಪಡೆಯಿರಿ.

ಸಂಗೀತದಲ್ಲಿ ಒಂದು ಬಲೆ ಇದೆ. ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಗಳಲ್ಲಿ ‘ನೋ ಡೆರಿವೇಟಿವ್ಸ್’ (ರೂಪಾಂತರಿಸಿ ಹಂಚುವಂತಿಲ್ಲ) ಎಂದಿರುವ ಸಂಗೀತವನ್ನು ಉಚಿತ ಎಂದುಕೊಂಡು ಬಳಸುತ್ತಾರೆ. ಚಲಿಸುವ ಚಿತ್ರಕ್ಕೆ ಸಂಗೀತವನ್ನು ಕಾಲಕ್ಕೆ ಸರಿಯಾಗಿ ಹೊಂದಿಸುವುದನ್ನು ಆ ಪರವಾನಗಿ ರೂಪಾಂತರ ಎಂದೇ ಎಣಿಸುತ್ತದೆ, ಆದ್ದರಿಂದ ಅದನ್ನು ಬಳಸುವಂತಿಲ್ಲ.

## ಹಂತ 3: ಮೊದಲು ಧ್ವನಿ

ಒಂದು ಶಾಟ್ ಕೂಡ ತೆಗೆಯುವ ಮುನ್ನ ವಾಚನದ ಧ್ವನಿಮುದ್ರಣ ಮುಗಿದಿರಬೇಕು. ಚಿತ್ರದ ಅಳತೆಗೆ ತಕ್ಕಂತೆ ಓದಿದ ಕವಿತೆ ಅವಸರದಲ್ಲಿ ಉಸಿರುಗಟ್ಟುತ್ತದೆ. ಓದಿದ ಕವಿತೆಯ ಅಳತೆಗೆ ತೆಗೆದ ಚಿತ್ರಕ್ಕೆ ಉಸಿರು ಇರುತ್ತದೆ.

ಕೋಣೆ ಆರಿಸುವಾಗ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ. ಸದ್ದು ತಿರುಗಿ ಬಂದರೆ ಬೇರೆ ಕೋಣೆ ನೋಡಿ. ಹಾಸಿಗೆ, ಪರದೆ, ಬಟ್ಟೆಯ ಕಪಾಟು, ಪುಸ್ತಕಗಳಿರುವ ಚಿಕ್ಕ ಕೋಣೆ ಒಳ್ಳೆಯದು. ಫ್ಯಾನು, ಫ್ರಿಜ್ಜು, ಗಡಿಯಾರ ನಿಲ್ಲಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರಲಿ. ಎದುರಿಗೇ ಇದ್ದರೆ ಪ, ಫ, ಬ, ಭ ಉಚ್ಚರಿಸುವಾಗ ಬರುವ ಗಾಳಿ ಮೈಕಿಗೆ ನೇರವಾಗಿ ಹೊಡೆದು ‘ಧಪ್’ ಎನ್ನುತ್ತದೆ. ಧ್ವನಿಯನ್ನು 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲಾಗಿ ಮುದ್ರಿಸಿ. ಅತಿ ಗಟ್ಟಿ ಸಾಲಿನಲ್ಲೂ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲಬೇಕು. ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸಲಾಗದು. ಎದ್ದು ಹೋಗುವ ಮುನ್ನ ಯಾರೂ ಮಾತಾಡದೆ 30 ಸೆಕೆಂಡು ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ. ಸಾಲುಗಳ ನಡುವಿನ ತೆರವನ್ನು ಹಿಗ್ಗಿಸುವಾಗ ಅದೇ ಬೇಕಾಗುತ್ತದೆ. ಪೂರ್ಣ ನಿಶ್ಶಬ್ದ ಹಾಕಿದರೆ ಧ್ವನಿ ಕಡಿದಂತೆ ಕೇಳಿಸುತ್ತದೆ.

ಮೂರು ಸಲ ಓದಿಸಿ. ಮೊದಲ ಸಲ ಯಾವ ಭಾವವೂ ಇಲ್ಲದೆ, ದಿನಸಿ ಪಟ್ಟಿ ಓದುವ ಹಾಗೆ. ಎರಡನೇ ಸಲ ಎದುರಿಗೆ ಕೂತ ಒಬ್ಬರೇ ಒಬ್ಬರಿಗೆ ಹೇಳುವ ಹಾಗೆ. ಮೂರನೇ ಸಲ ಪ್ರತಿ ಚರಣದ ಕೊನೆಯಲ್ಲಿ ಪೂರ್ತಿ ಉಸಿರು ಬಿಟ್ಟು. ಸಾಮಾನ್ಯವಾಗಿ ಎರಡನೆಯದು ಬಳಕೆಗೆ ಬರುತ್ತದೆ. ಒಂದು ಪದ ತಪ್ಪಿದರೆ ಆ ಪದವನ್ನಷ್ಟೇ ಮತ್ತೆ ಹೇಳಿಸಬೇಡಿ, ಇಡೀ ಚರಣವನ್ನು ಮತ್ತೆ ಓದಿಸಿ. ಒಂಟಿ ಪದದ ಸ್ವರ ಅಕ್ಕಪಕ್ಕದವುಗಳ ಜೊತೆ ಎಂದೂ ಕೂಡುವುದಿಲ್ಲ.

ಅಪಾಯದ ಗುರುತು: ಪ್ರತಿ ಸಾಲಿನ ಕೊನೆಯಲ್ಲೂ ಧ್ವನಿ ಒಂದೇ ರೀತಿ ಏರುವುದು ಅಥವಾ ನಡುಗುವುದು. ಇದು ವೇದಿಕೆಯ ಧ್ವನಿ. ಸಾವಿರ ಜನರ ಸಭೆಗೆ ಹೊಂದಬಹುದು, ಹೆಡ್‌ಫೋನ್ ಹಾಕಿಕೊಂಡ ಒಬ್ಬರ ಕಿವಿಯೊಳಗೆ ಅದು ಕೂಗಾಟ. ಮೈಕನ್ನು ಹತ್ತಿರ ತಂದು ಇನ್ನೂ ಮೆಲ್ಲಗೆ ಓದಿಸಿ.

ಆರಿಸಿದ ವಾಚನವನ್ನು ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನ್‌ಗೆ ಹಾಕಿ ತೆರವುಗಳನ್ನು ಈಗಲೇ ಕೂಡಿಸಿ: ಆರಂಭದಲ್ಲಿ 5ರಿಂದ 8 ಸೆಕೆಂಡು, ಚರಣದ ನಡುವೆ 3ರಿಂದ 5, ಕೊನೆಯ ಸಾಲಿನ ಮೇಲೆ 8ರಿಂದ 10. ಚಿತ್ರ ಮುಂದೆ ನಡೆಯಬೇಕಾದ ಜಾಗಗಳು ಇವೇ. ಮುಂದಿನ ಹಂತದ ಸಾಲುಪಟ್ಟಿ ಮುಗಿದ ಮೇಲೆ ಈ ಧ್ವನಿಪಟ್ಟಿಯನ್ನು ಮುಟ್ಟಬೇಡಿ.

## ಹಂತ 4: ಸಾಲುಪಟ್ಟಿ

ಒಂದು ಹಾಳೆಯಲ್ಲಿ ನಾಲ್ಕು ಕಾಲಮ್ ಎಳೆಯಿರಿ: ಸಮಯ, ಸಾಲು, ಮುಂದೆ ನಡೆಯುವುದು ಯಾವುದು, ಪರದೆಯ ಮೇಲೆ ಏನು. ಮೂರನೇ ಕಾಲಮ್ಮಿನಲ್ಲಿ ಧ್ವನಿ, ಚಿತ್ರ, ಅಕ್ಷರ ಇವುಗಳಲ್ಲಿ ಒಂದನ್ನೇ ಬರೆಯಬೇಕು. ಎರಡು ಬರೆಯಬೇಕೆನ್ನಿಸಿದರೆ ಅಲ್ಲೇ ತೊಡಕಿದೆ. ತೆರವು ಕೂಡಿಸಿ ಸಾಲನ್ನೂ ಶಾಟನ್ನೂ ಬೇರ್ಪಡಿಸಿ.

ನಾಲ್ಕನೇ ಕಾಲಮ್ ತುಂಬುವಾಗ ಸಾಲಿಗೂ ಚಿತ್ರಕ್ಕೂ ಮೂರು ರೀತಿಯ ನಂಟು ಸಾಧ್ಯ. ಸಾಲು ಹೇಳಿದ್ದನ್ನೇ ಚಿತ್ರ ತೋರಿಸಬಹುದು. ಸಾಲಿನ ಪಕ್ಕದಲ್ಲಿರುವುದನ್ನು ತೋರಿಸಬಹುದು. ಸಾಲಿಗೆ ಎದುರಾಗಿ ನಿಲ್ಲಬಹುದು. ನಮ್ಮ ಉದಾಹರಣೆಯಲ್ಲಿ ‘ಅಂಗಿ’ ಎಂದಾಗ ಅಂಗಿ, ‘ಗಾಳಿ’ ಎಂದಾಗ ಅಲುಗುವ ಪರದೆ ತೋರಿಸಿದರೆ ಕವಿತೆಯ ಕೆಲಸ ಮುಗಿಯಿತು. ಕೇಳುಗನ ಮನಸ್ಸಿನಲ್ಲಿ ಮೂಡಬೇಕಿದ್ದ ಅಂಗಿಯನ್ನು ನೀವು ಕಿತ್ತುಕೊಂಡು ನಿಮ್ಮ ಅಂಗಿಯನ್ನು ಕೊಟ್ಟಿರಿ.

ಪಕ್ಕದ ಚಿತ್ರ ಹೇಗಿರಬಹುದು? ಇಬ್ಬರಿಗೆ ಹಾಸಿದ ಊಟದ ಮೇಜಿನಿಂದ ಒಂದು ತಟ್ಟೆಯನ್ನು ಎತ್ತಿ ಒಳಗಿಡುವ ಕೈ. ಒಣಗಿದ ಬಟ್ಟೆ ಮಡಿಸುತ್ತಾ ಒಂದೇ ಅಳತೆಯ ಬಟ್ಟೆಗಳನ್ನಷ್ಟೇ ಪೇರಿಸುತ್ತಿರುವ ಹೆಂಗಸು. ಎದುರು ನಿಲ್ಲುವ ಚಿತ್ರ? ಅದೇ ಮನೆಯಲ್ಲಿ ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ಕುಣಿಯುವ ಮಗು. ಇಲ್ಲಿ ಕಾಣೆಯಾದವರು ಯಾರೆಂದು ಕವಿತೆಯೂ ಹೇಳುವುದಿಲ್ಲ, ಚಿತ್ರವೂ ಹೇಳುವುದಿಲ್ಲ, ಎರಡೂ ಸೇರಿದಾಗ ನೋಡುವವರಿಗೆ ಹೊಳೆಯುತ್ತದೆ. ಕವಿತೆಗೆ ಹೊಸಬರನ್ನು ಕೂರಿಸಿ ಹಿಡಿಯುವುದು ಈ ಹೊಳೆಯುವಿಕೆಯೇ. ತಾವೇ ಕಂಡುಕೊಂಡದ್ದನ್ನು ಯಾರೂ ‘ನನಗೆ ಕವಿತೆ ಅರ್ಥವಾಗುವುದಿಲ್ಲ’ ಎಂದು ತಳ್ಳಿಹಾಕುವುದಿಲ್ಲ.

ಸಾಲು ಹೇಳಿದ್ದನ್ನೇ ತೋರಿಸುವ ಚಿತ್ರ ಇಡೀ ಕಿರುಚಿತ್ರದಲ್ಲಿ ಒಂದೇ ಒಂದು ಸಲ ಇರಲಿ, ಅದೂ ತಡವಾಗಿ. ಕವಿತೆ ಮುಗಿದು ಕೆಲವು ಸೆಕೆಂಡಿನ ಮೇಲೆ ಮೊಳೆಗೆ ತೂಗಿದ ಅಂಗಿ ಕಂಡರೆ ಅದಕ್ಕೆ ತೂಕವಿದೆ.

ಸೂರ್ಯಾಸ್ತ, ಉದುರುವ ಎಲೆ, ಕಿಟಕಿಯ ಮೇಲೆ ಇಳಿಯುವ ಮಳೆಹನಿ, ಬೆನ್ನು ತಿರುಗಿಸಿ ನಡೆದುಹೋಗುವ ವ್ಯಕ್ತಿ: ಇವು ಪಟ್ಟಿಯಲ್ಲಿ ಕಂಡರೆ ಹೊಡೆದುಹಾಕಿ. ಯಾವ ಕವಿತೆಗೆ ಬೇಕಾದರೂ ಹೊಂದುವ ಚಿತ್ರ ನಿಮ್ಮ ಕವಿತೆಯದಲ್ಲ.

## ಹಂತ 5: ಚಿತ್ರೀಕರಣ

ಅಡ್ಡವೋ ಉದ್ದವೋ ಮೊದಲೇ ನಿರ್ಧರಿಸಿ. ಎರಡೂ ಬೇಕಿದ್ದರೆ 4ಕೆಯಲ್ಲಿ ಅಡ್ಡವಾಗಿ ತೆಗೆಯಿರಿ, ಮುಖ್ಯವಾದದ್ದು ನಡುವಿನ ಮೂರನೇ ಒಂದು ಭಾಗದೊಳಗೆ ಇರಲಿ. 16:9 ಚೌಕಟ್ಟಿನಿಂದ 9:16 ಕತ್ತರಿಸಿದಾಗ ಅಗಲದಲ್ಲಿ ಶೇ. 32ರಷ್ಟೂ ಉಳಿಯುವುದಿಲ್ಲ ಎಂಬುದು ನೆನಪಿರಲಿ.

ಸೆಕೆಂಡಿಗೆ 24 ಅಥವಾ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡು ಇರಲಿ. ದೀಪದ ಬೆಳಕಿನಲ್ಲಿ ಚಿತ್ರ ಮಿಣುಕಿದರೆ ಕಾರಣ ವಿದ್ಯುತ್ತಿನ ಆವರ್ತನ: 50 ಹರ್ಟ್ಸ್ ಇರುವಲ್ಲಿ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120 ಇಡಿ. ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಶಾಟ್ ನಡುವೆ ಬೆಳಕು ತಾನೇ ಹೆಚ್ಚುಕಡಿಮೆಯಾದರೆ ಕಣ್ಣು ಅತ್ತ ಹೋಗುತ್ತದೆ, ಕಿವಿ ಸಾಲನ್ನು ಕಳೆದುಕೊಳ್ಳುತ್ತದೆ.

ಪ್ರತಿ ಶಾಟ್ ಕನಿಷ್ಠ 20 ಸೆಕೆಂಡು ಓಡಲಿ. ಕಥಾಚಿತ್ರದ ಅಭ್ಯಾಸ ಇರುವವರು ಐದಾರು ಸೆಕೆಂಡಿಗೆ ನಿಲ್ಲಿಸಿಬಿಡುತ್ತಾರೆ. ಕವಿತೆಯ ನಿಧಾನಕ್ಕೆ ಅದು ಸಾಲದು. ಎರಡು ನಿಮಿಷದ ಚಿತ್ರಕ್ಕೆ 20 ಶಾಟ್ ತೆಗೆದರೆ 12 ಉಳಿಯಬಹುದು. ಜಾಗದ ಸದ್ದನ್ನೂ ಬೇರೆಯಾಗಿ ಒಂದು ನಿಮಿಷ ಮುದ್ರಿಸಿಕೊಳ್ಳಿ.

## ಹಂತ 6: ಸಂಕಲನ

ಮೊದಲು ಕಪ್ಪು ಪರದೆಯ ಮೇಲೆ ಧ್ವನಿಪಟ್ಟಿಯನ್ನು ಪೂರ್ತಿ ಕೇಳಿ. ಕಪ್ಪು ಪರದೆಯೇ ಸಾಕೆನಿಸುವ ಜಾಗಗಳನ್ನು ಗುರುತು ಹಾಕಿಕೊಳ್ಳಿ, ಅವುಗಳಲ್ಲಿ ಒಂದನ್ನಾದರೂ ಹಾಗೆಯೇ ಉಳಿಸಿ. ಉಳಿದ ಕಡೆ ಶಾಟ್‌ಗಳನ್ನು ಕೂರಿಸುತ್ತಾ ಹೋಗಿ.

ಸಾಲು ಮುಗಿದ ಕೂಡಲೇ ಶಾಟ್ ಬದಲಾಯಿಸುವುದು ಎಲ್ಲರ ಕೈಗೂ ಬರುವ ಸಹಜ ಚಟ. ನಾಲ್ಕು ಸಲ ಹಾಗೆ ಮಾಡಿದರೆ ಸ್ಲೈಡ್ ಶೋ ಆಗುತ್ತದೆ: ಒಂದು ಸಾಲು, ಒಂದು ಚಿತ್ರ, ಒಂದು ಸಾಲು, ಒಂದು ಚಿತ್ರ. ಕಟ್ ಅನ್ನು ಸಾಲಿನ ನಡುವಿಗೆ ತನ್ನಿ, ಅಥವಾ ಸಾಲು ಮುಗಿದು ಒಂದು ಸೆಕೆಂಡು ಕಳೆದ ಮೇಲೆ ಹಾಕಿ. ಮುಖ್ಯ ಪದ ಬರುವ ಕ್ಷಣದಲ್ಲಿ ಕಟ್ ಬೇಡವೇ ಬೇಡ. ಹೊಸ ಚಿತ್ರ ಬಂದ ಅರ್ಧ ಸೆಕೆಂಡು ಕಣ್ಣು ಅದನ್ನು ಹುಡುಕುತ್ತಿರುತ್ತದೆ, ಆ ಅರ್ಧ ಸೆಕೆಂಡಿನಲ್ಲಿ ಆಡಿದ ಪದ ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಶಾಟಿನೊಳಗಿನ ಚಲನೆಗೂ ಇದೇ ಮಾತು: ಕೈ ತಟ್ಟೆ ಎತ್ತುವುದು ‘ತೊಡದ’ ಎಂಬ ಪದದ ಮೇಲೆ ಬೇಡ, ಅದು ಮುಗಿದ ಮೇಲೆ ಬರಲಿ.

ಸರಾಸರಿ ಶಾಟ್ 7ರಿಂದ 12 ಸೆಕೆಂಡು. ಡಿಸಾಲ್ವ್ (ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವುದು), ಸ್ಲೋ ಮೋಷನ್, ಹಳೆಯ ಫಿಲ್ಮಿನ ಗೀಚು ಇವುಗಳಿಂದ ದೂರವಿರಿ. ಕವಿತೆಯಲ್ಲಿ ಇಲ್ಲದ ಭಾವವನ್ನು ಹೊರಗಿನಿಂದ ಬಳಿಯುವ ಕೆಲಸ ಅವುಗಳದು.

ಮೊದಲ ಜೋಡಣೆ ಮುಗಿದ ಮೇಲೆ ಎರಡು ಪರೀಕ್ಷೆ. ಧ್ವನಿ ಮ್ಯೂಟ್ ಮಾಡಿ ನೋಡಿ: ಚಿತ್ರ ಒಂದೇ ತಾನೇ ಪೂರ್ತಿ ಅರ್ಥವಾಗುತ್ತಿದ್ದರೆ ಅದು ಕವಿತೆಯ ಮೇಲೆ ಸವಾರಿ ಮಾಡುತ್ತಿದೆ, ಶಾಟ್‌ಗಳನ್ನು ಕಡಿಮೆ ಮಾಡಿ. ಕಣ್ಣು ಮುಚ್ಚಿ ಕೇಳಿ: ಏನೂ ಕಳೆದುಕೊಂಡಂತೆ ಅನ್ನಿಸದಿದ್ದರೆ ಚಿತ್ರ ಇನ್ನೂ ಅಲಂಕಾರವಾಗಿಯೇ ಉಳಿದಿದೆ, ಸಾಲುಪಟ್ಟಿಗೆ ಮರಳಿ.

## ಹಂತ 7: ಪರದೆಯ ಮೇಲಿನ ಅಕ್ಷರ

ಕಿವಿಗೆ ಕೇಳುತ್ತಿರುವ ಸಾಲನ್ನೇ ಅದೇ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಚಿತ್ರದ ಮೇಲೆ ಅಚ್ಚು ಹಾಕಬೇಡಿ. ಕಣ್ಣು ಧ್ವನಿಗಿಂತ ಮೊದಲೇ ಓದಿ ಮುಗಿಸಿ ಕಾಯುತ್ತದೆ, ವಾಚನದ ಮೌನಕ್ಕೆ ಅರ್ಥವೇ ಉಳಿಯುವುದಿಲ್ಲ. ಕಿವುಡರಿಗೆ ಅಕ್ಷರ ಬೇಕೇ ಬೇಕು. ಅದನ್ನು ಬೇಕಾದವರು ಹಾಕಿಕೊಳ್ಳುವಂತೆ ಪ್ರತ್ಯೇಕ ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲಿನಲ್ಲಿ ಕೊಡಿ, ಗಾಳಿ, ಹೆಜ್ಜೆ, ಬಾಗಿಲಿನಂತಹ ಸದ್ದುಗಳನ್ನೂ ಅದರಲ್ಲಿ ಬರೆಯಿರಿ. ಸದ್ದಿಲ್ಲದೆ ತಾನಾಗಿ ಓಡುವ ಫೋನಿನ ವಿಡಿಯೊಗಳಿಗಾಗಿ ಅಕ್ಷರ ಅಚ್ಚಾದ ಬೇರೆಯೇ ಆವೃತ್ತಿ ಮಾಡಿ. ಅಲ್ಲಿ ಅಕ್ಷರವೇ ಮುಂದೆ ನಡೆಯುವುದರಿಂದ ಶಾಟ್‌ಗಳು ಇನ್ನೂ ಸ್ಥಿರವಾಗಿರಬೇಕು.

ಒಂದು ಬಾರಿಗೆ ಎರಡು ಸಾಲಿಗಿಂತ ಹೆಚ್ಚು ಬೇಡ. ಒಂದು ಸೆಕೆಂಡಿಗಿಂತ ಕಡಿಮೆ, ಏಳು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ. ಕವಿತೆಯ ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಿರಿ. ಕೊನೆಯ ಸಾಲಿನ ತಿರುವನ್ನು ಧ್ವನಿಗಿಂತ ಮೊದಲು ತೋರಿಸಬೇಡಿ. ಕವಿತೆ ಕೆಡುವುದು ಬಹಳ ಸಲ ಇಲ್ಲೇ.

ಕನ್ನಡ ಅಕ್ಷರಕ್ಕೆ ಕೆಲವು ವಿಶೇಷ ಎಚ್ಚರಿಕೆಗಳಿವೆ. ತಂತ್ರಾಂಶದಲ್ಲಿ ಮೊದಲು ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಅರ್ಘ್ಯ’ ಎಂದು ಬೆರಳಚ್ಚಿಸಿ ನೋಡಿ. ಒತ್ತಕ್ಷರ ಒಡೆದು ಅರ್ಧಾಕ್ಷರಗಳಾಗಿ ಕಂಡರೆ ಪಠ್ಯದ ಎಂಜಿನ್ ಭಾರತೀಯ ಲಿಪಿಗೆ ಹೊಂದಿಲ್ಲ. ಅಡೋಬಿ ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಪ್ರಿಫರೆನ್ಸಸ್‌ಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಹಾಕಬೇಕು. ಏನು ಮಾಡಿದರೂ ಸರಿಹೋಗದಿದ್ದರೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಸಾಲು ಬರೆದು ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತದಿಂದ ನಕಲಿಸಿದ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಎಸ್‌ಆರ್‌ಟಿಯನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲೇ ಉಳಿಸಿ. ಇಲ್ಲವಾದರೆ ಇನ್ನೊಬ್ಬರ ಪರದೆಯಲ್ಲಿ ಅರ್ಥವಿಲ್ಲದ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಯಲ್ಲೇ ಬಿಡಿ, ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ ಅಕ್ಷರವಾಗಿ ಮೂಡುವ ಅನಿಮೇಷನ್ ಬೇಡ, ಪದ ಪದವಾಗಿ ಮೂಡಿಸಿ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಟೀರೊ ಕನ್ನಡ ಮುಕ್ತ ಪರವಾನಗಿಯ ಫಾಂಟುಗಳು, ಧೈರ್ಯವಾಗಿ ಬಳಸಬಹುದು.

ಉದ್ದ ಚೌಕಟ್ಟಿನಲ್ಲಿ ಕೆಳಗಿನ ಐದನೇ ಒಂದು ಭಾಗ ಮತ್ತು ಬಲ ಅಂಚನ್ನು ಖಾಲಿ ಬಿಡಿ. ಆಪ್‌ಗಳ ಗುಂಡಿಗಳು ಕೂರುವುದು ಅಲ್ಲೇ.

## ಹಂತ 8: ಸದ್ದು, ಸಂಗೀತ

ಸಂಗೀತವಿಲ್ಲದೆ ಚಿತ್ರ ನಿಲ್ಲುತ್ತದೆಯೇ ಎಂದು ಮೊದಲು ನೋಡಿ. ಬಹಳ ಸಲ ಜಾಗದ ಸದ್ದು ಮತ್ತು ವಾಚನ ಎರಡೇ ಸಾಕಾಗುತ್ತವೆ. ಬೇಕೇ ಬೇಕೆಂದರೆ ಹಾಡಿಲ್ಲದ ಸಂಗೀತ, ಧ್ವನಿಗಿಂತ 15 ಡೆಸಿಬಲ್‌ನಷ್ಟು ಕೆಳಗೆ. ಸಂಗೀತದಲ್ಲಿ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ಮೂರು ನಾಲ್ಕು ಡೆಸಿಬಲ್ ಇಳಿಸಿದರೆ ವ್ಯಂಜನಗಳು ಸ್ಪಷ್ಟವಾಗುತ್ತವೆ. ಅಂತರ್ಜಾಲಕ್ಕೆ ಒಟ್ಟು ಗಟ್ಟಿತನ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಸುತ್ತ, ಅತಿ ಎತ್ತರದ ಬಿಂದು ಮೈನಸ್ 1 ಡೆಸಿಬಲ್ ದಾಟದಂತೆ ಇಡಿ. ಮುಗಿಸುವ ಮುನ್ನ ಫೋನಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಒಂದು ಪದ ತಪ್ಪಿದರೂ ಸಂಗೀತವನ್ನು ತಗ್ಗಿಸಿ, ಧ್ವನಿಯನ್ನು ಏರಿಸಬೇಡಿ.

## ಹಂತ 9: ಹೊಸಬರ ಮುಂದೆ ಪರೀಕ್ಷೆ

ಕವಿತೆ ಓದದ ಐದಾರು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ತೋರಿಸಿ. ವಿವರಣೆ, ಪೀಠಿಕೆ, ಕವಿಯ ಪರಿಚಯ ಯಾವುದೂ ಬೇಡ. ‘ಹೇಗಿದೆ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಮೂರೇ ಪ್ರಶ್ನೆ: ಯಾವ ಮಾತು ನೆನಪಿದೆ? ಎಲ್ಲಿ ಗಮನ ಬೇರೆ ಕಡೆ ಹೋಯಿತು? ಯಾವ ಪದ ಕೇಳಿಸಲಿಲ್ಲ? ಅವರು ನೋಡುವಾಗ ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ, ಕಣ್ಣು ಕದಲಿದ ಸಮಯ ಬರೆದುಕೊಳ್ಳಿ. ಇಬ್ಬರು ಒಂದೇ ಜಾಗದಲ್ಲಿ ಕದಲಿದರೆ ಅಲ್ಲಿ ಎರಡು ಒಟ್ಟಿಗೆ ಮುಂದೆ ನಡೆಯುತ್ತಿವೆ. ಬರೀ ಚಿತ್ರಗಳನ್ನೇ ನೆನಪಿಸಿಕೊಂಡು ಒಂದು ಸಾಲನ್ನೂ ಹೇಳಲಾಗದಿದ್ದರೆ ಮೊದಲ ಅರ್ಧದ ಶಾಟ್‌ಗಳನ್ನು ಅರ್ಧಕ್ಕೆ ಇಳಿಸಿ, ಬೇರೆಯವರಿಗೆ ತೋರಿಸಿ.

## ಹಂತ 10: ತೋರಿಸುವುದು

ಚಿತ್ರೋತ್ಸವಕ್ಕೆ ಕಳಿಸುವ ಆಸೆ ಇದ್ದರೆ ಅಂತರ್ಜಾಲಕ್ಕೆ ಏರಿಸುವುದನ್ನು ತಡೆಹಿಡಿಯಿರಿ. ಈಗಾಗಲೇ ಸಾರ್ವಜನಿಕವಾಗಿರುವ ಚಿತ್ರವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಕಾವ್ಯಚಿತ್ರಗಳಿಗೇ ಮೀಸಲಾದ ಉತ್ಸವಗಳಿವೆ, 2002ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ಝೀಬ್ರಾ ಅವುಗಳಲ್ಲಿ ಹೆಸರಾದದ್ದು. ಹೊರಭಾಷೆಯ ಉತ್ಸವಕ್ಕೆ ಸಬ್‌ಟೈಟಲ್ ಬರೆಸುವಾಗ ಕವಿತೆ ಅನುವಾದಿಸಬಲ್ಲವರಿಂದಲೇ ಬರೆಸಿ, ಯಂತ್ರಾನುವಾದವನ್ನು ಹಾಗೇ ಹಾಕಬೇಡಿ.

ಸಭಾಂಗಣದಲ್ಲಿ ತೋರಿಸುವಾಗ ಒಂದು ಕೂಟಕ್ಕೆ ಆರೇಳು ಚಿತ್ರ ಸಾಕು. ಎರಡು ಚಿತ್ರಗಳ ನಡುವೆ 20 ಸೆಕೆಂಡು ಕಪ್ಪು ಪರದೆ ಬಿಡಿ, ಇಲ್ಲದಿದ್ದರೆ ಹಿಂದಿನ ಕವಿತೆಯ ಕೊನೆಯ ಸಾಲು ಮುಂದಿನದರ ಶೀರ್ಷಿಕೆಯಲ್ಲಿ ಮುಳುಗಿಹೋಗುತ್ತದೆ. ಕವಿತೆಗಳ ಪಠ್ಯವಿರುವ ಹಾಳೆಯನ್ನು ಹೊರಡುವಾಗ ಕೊಡಿ. ಮೊದಲೇ ಕೊಟ್ಟರೆ ಜನ ಕತ್ತಲಲ್ಲೂ ಹಾಳೆಯನ್ನೇ ನೋಡುತ್ತಾರೆ. ಸಂವಾದವನ್ನು ‘ಈ ಕವಿತೆಯ ಅರ್ಥವೇನು’ ಎಂದು ಶುರು ಮಾಡಬೇಡಿ, ಅಂದು ಮೊದಲ ಸಲ ಬಂದವರು ಆ ಪ್ರಶ್ನೆಗೆ ಬಾಯಿ ಮುಚ್ಚಿಕೊಳ್ಳುತ್ತಾರೆ. ‘ಯಾವ ಚಿತ್ರ ಮತ್ತೆ ನೋಡಬೇಕು?’ ಎಂದು ಕೇಳಿ, ಅವರು ಹೇಳಿದ್ದನ್ನು ಮತ್ತೆ ಹಾಕಿ.

ಕೊನೆಗೆ ಕಡತಗಳು. ಪ್ರೋರೆಸ್ 422 ಎಚ್‌ಕ್ಯೂ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ರೂಪದ, ಉತ್ತಮ ಗುಣಮಟ್ಟದ ಒಂದು ಮಾಸ್ಟರ್ (ಮೂಲ ಪ್ರತಿ), ಕಳಿಸಲು ಎಚ್.264 ಪ್ರತಿ, ಪ್ರತಿ ಭಾಷೆಗೂ ಒಂದೊಂದು ಎಸ್‌ಆರ್‌ಟಿ, ಒಂದು ಸ್ಥಿರಚಿತ್ರ, ಕವಿಯ ಅನುಮತಿ ಪತ್ರದ ಪ್ರತಿ. ಇವುಗಳ ಜೊತೆ ಶೀರ್ಷಿಕೆಯೂ ಸೇರಿ ಪರದೆಯ ಮೇಲೆ ಒಂದಕ್ಷರವೂ ಇಲ್ಲದ ಮಾಸ್ಟರ್ ಒಂದನ್ನು ಕಡ್ಡಾಯವಾಗಿ ಉಳಿಸಿ. ಅದಿಲ್ಲದಿದ್ದರೆ ನಾಳೆ ಇನ್ನೊಂದು ಭಾಷೆಯವರು ಚಿತ್ರ ಕೇಳಿದಾಗ ಹಳೆಯ ಅಕ್ಷರದ ಮೇಲೆ ಹೊಸ ಅಕ್ಷರ ಕೂರಿಸಬೇಕಾಗುತ್ತದೆ. ಎಲ್ಲವನ್ನೂ ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇಡಿ.